ಗಿಡ್ಡ ಕೋಲು

ನಲವತ್ತೊಂದು ಸಲ ಹೇಳಬೇಕು ಅದನ್ನು:
ಎಗ್ಝಿಯೋ ಮೆಹರೆನೆ ಕ್ರಿಸ್ತೋಸ್,
ಒಡೆಯಾ, ಕ್ರಿಸ್ತನೇ, ಕನಿಕರಿಸು.
ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಬಂದವನು ನಾನು
ಒಂದೂ ತಪ್ಪದ ಹಾಗೆ,
ಸಾಲ ಕೊಟ್ಟವನ ಹಾಗೆ.

ಲಾಸ್ತಾ ಬೆಟ್ಟದ ಈ ಮಗ್ಗುಲಿಗೆ
ಕೋಲು ಕೆತ್ತುವವನು ನಾನೊಬ್ಬನೇ, ವೊಂಡಿಫ್ರಾವ್.
ನಮ್ಮ ಇಗರ್ಜಿಯಲ್ಲಿ ಕೂರಲು ಬೆಂಚಿಲ್ಲ.
ನಡುರಾತ್ರಿಯಿಂದ ಹೊತ್ತು ಮೂಡುವ ತನಕ ನಿಂತೇ ಇರಬೇಕು.
ಅದಕ್ಕೇ ಈ ಕೋಲು, ತುದಿಗೊಂದು ಅಡ್ಡಪಟ್ಟಿ;
ಕಂಕುಳಿಗೋ ಗಲ್ಲಕ್ಕೋ ಕೊಟ್ಟು
ಮೈಯ ಭಾರ ಇಳಿಸಬಹುದು.

ಊರಿಗೆಲ್ಲ ಕೋಲು ಕೊಟ್ಟೆ. ನಾನು ಮಾತ್ರ ಒರಗಲಿಲ್ಲ.
ನಲವತ್ತು ವರ್ಷ ಬರಿಗೈಯಲ್ಲಿ ನಿಂತೆ, ನೆಟ್ಟ ಕಂಬ.
ಅಬ್ಬಾ ತ್ಸಿಗೆ ಹುಡುಗರಿಗೆ ನನ್ನನ್ನು ತೋರಿಸಿ
"ಹೀಗೆ ನಿಲ್ಲಬೇಕು" ಅನ್ನುತ್ತಿದ್ದರು.
ಕೇಳಿಸದವನ ಹಾಗೆ ಕಣ್ಣು ಮುಚ್ಚುತ್ತಿದ್ದೆ.
ಕಿವಿ ಮುಚ್ಚಲಿಲ್ಲ.

ಈ ವರ್ಷ ದೊಡ್ಡ ಉಪವಾಸದ ಮೂರನೆಯ ವಾರ ಜ್ವರ.
ಮಗಳು ಬಾಯಿಗೆ ಹಿಡಿದ ಹಾಲನ್ನು
ಬೇಡವೆನ್ನುವ ತ್ರಾಣವಿಲ್ಲದೆ ಕುಡಿದೆ.
ಇಲ್ಲ, ನಿಜ ಹೇಳುತ್ತೇನೆ:
ತ್ರಾಣವಿತ್ತು. ಹಾಲು ರುಚಿಯಾಗಿತ್ತು.
ಇನ್ನೊಂದು ಬಟ್ಟಲು ಕೇಳಿದೆ.

ಕಾಯಿಲೆಯವರಿಗೆ ವಿನಾಯಿತಿಯಿದೆ, ಗೊತ್ತು.
ಎರಡನೆಯ ಬಟ್ಟಲಿಗೆ?
ಯಾರೂ ತಡೆಯಲಿಲ್ಲ, ನಾನೇ ಹೊಸ್ತಿಲು ದಾಟದೆ
ಹೊರಗಿನ ಜುನಿಪರ್ ಮರದಡಿ ನಿಂತೆ.
ಉಪವಾಸದ ದಿನಗಳಲ್ಲಿ ನಗಾರಿ ಬಾರಿಸುವುದಿಲ್ಲ;
ಕತ್ತಲೊಳಗೆ ಕೋಲುಗಳು ನೆಲಕ್ಕೆ ಬೀಳುವ ಸದ್ದು ಮಾತ್ರ.
ಸದ್ದಿನಲ್ಲೇ ಗುರುತು ಹಿಡಿದೆ: ಅದು ಕಾಡು ಆಲಿವ್,
ಅದು ಹಸಿಯಿರುವಾಗಲೇ ಕೆತ್ತಿ ಕೊಟ್ಟಿದ್ದು,
ಇನ್ನೆರಡು ಮಳೆಗಾಲಕ್ಕೆ ಸೀಳುತ್ತದೆ.
ಎಲ್ಲವೂ ನನ್ನವು. ಕೈಯಲ್ಲಿ ಒಂದೂ ಇಲ್ಲ.

ಹದಿನೇಳನೆಯ ಕನಿಕರಿಸುವಿಗೆ ಮೊಣಕಾಲು ನಡುಗಿತು.
ಹತ್ತೊಂಬತ್ತಕ್ಕೆ ಮರ ಹಿಡಿಯಹೋದೆ, ಮರ ದೂರವಿತ್ತು.

ಪಕ್ಕದಲ್ಲಿ ಹುರಿದ ಬಾರ್ಲಿ ಮಾರುವ ಅಸ್ಕಾಲೆಚ್,
ಮೂವತ್ತು ವರ್ಷ ಹೊರಗೇ ನಿಂತವಳು.
ಯಾಕೆಂದು ಊರು ಕೇಳಿರಲಿಲ್ಲ, ಊಹಿಸಿತ್ತು.
ತನ್ನ ಕೋಲು ತೆಗೆದು ನನ್ನ ಎದೆಗೆ ಒತ್ತಿದಳು.
"ನನಗಿದು ಗಿಡ್ಡ" ಅಂದೆ.
"ನೀನೇ ಮಾಡಿದ್ದು" ಅಂದಳು. "ಬಾಗು."

ಹೌದು, ನಾನೇ ಮಾಡಿದ್ದು.
ಬೇರೆ ಯಾರದೋ ಕೋಲು ಕಡಿದು ಉಳಿದ ತುಂಡು,
ಮಾರಿದ್ದು ಪೂರ್ತಿ ಕೋಲಿನ ಬೆಲೆಗೆ: ಎರಡು ಸೇರು ಬಾರ್ಲಿ,
ಅಳತೆ ಕಡಿಮೆಯಾಯಿತೆಂದು ಗೊಣಗಿ
ಮೇಲೊಂದು ಹಿಡಿ.

ಬಾಗಿದೆ. ಅಡ್ಡಪಟ್ಟಿಗೆ ಹಣೆ ತಗುಲಿತು,
ಅವಳ ಅಂಗೈ ಉಜ್ಜಿ ಉಜ್ಜಿ ನುಣುಪಾದ ಜಾಗ.
ಬಾಗಿದವನಿಗೆ ಕಾಣುವುದು ನೆಲ:
ಬಿರುಕುಬಿಟ್ಟ ಅವಳ ಹಿಮ್ಮಡಿ, ನನ್ನ ಬರಿಗಾಲು,
ಎರಡರ ನಡುವೆ ಕಾಳು ಹೊತ್ತು ಹೊರಟ ಒಂದು ಇರುವೆ.
ಎಷ್ಟಾಗಿತ್ತು? ಇಪ್ಪತ್ತೋ, ಇಪ್ಪತ್ತನಾಲ್ಕೋ?
ಮೊದಲಿಂದ ಶುರುಮಾಡಲಿಲ್ಲ.

ಒಡೆಯಾ, ಲೆಕ್ಕ ಕಳೆಯಿತು, ನೀನೇ ಇಟ್ಟುಕೋ.
ಇಲ್ಲ, ಇಡಬೇಡ.
ನಾನು ನಿಂತ ರಾತ್ರಿಗಳನ್ನು ನಿನ್ನೆದುರು ಹರಡಲು ಬಂದಿದ್ದೆ;
ನೋಡಿದರೆ ಮೇಲೆ ಹೆಸರು ನಿನ್ನದು, ಒಳಗೆಲ್ಲ ನಾನೇ.
ಈಗಿರುವುದು ಹಾಲು ಕುಡಿದ ಬಾಯಿ,
ಇನ್ನೊಬ್ಬಳ ಕೋಲು,
ಕನಿಕರಿಸು ಅನ್ನುವ ಒಂದು ಮಾತು,
ಅದೂ ನೀನು ಕಲಿಸಿದ್ದು.
ಒರಗುತ್ತಿದ್ದೇನೆ. ಬೀಳಗೊಡಬೇಡ.

ಬೆಳಕಾಯಿತು. ಜನ ಹೊರಬಂದರು,
ಅಬ್ಬಾ ತ್ಸಿಗೆ ನನ್ನ ಬೆನ್ನು ನೋಡಿ ಏನೂ ಹೇಳದೆ ಹೋದರು.
ಕೋಲು ಮರಳಿಸಿದೆ. "ಹೊಸದು ಮಾಡಿಕೊಡುತ್ತೇನೆ,
ನಿನ್ನ ಎತ್ತರಕ್ಕೆ, ದುಡ್ಡು ಬೇಡ" ಅಂದೆ.
ಅವಳಿಗೆ ಕೇಳಿಸಿತೋ ಇಲ್ಲವೋ,
ಬುಟ್ಟಿಯ ಬಟ್ಟೆ ಸರಿಸುತ್ತಿದ್ದಳು.
"ಕೈ ಚಾಚು. ಉಪವಾಸ ಬಿಟ್ಟ ಮೇಲೆ ತಿನ್ನು" ಎಂದು
ಅಳೆಯದೆ ಸುರಿದಳು
ಒಂದು ಹಿಡಿ,
ಮೇಲೆ ಇನ್ನೊಂದು.